ದಂಡಿಗೆ ನಡೆದ ಮೈಲಾರ ಮಹಾದೇವಪ್ಪ ಮತ್ತು ನಮ್ಮ ಮೀನಖಂಡ: ಪಾದಯಾತ್ರೆಗೆ ಹೊರಡುವ ಮುನ್ನ ಓದಿ

ಪಾದಯಾತ್ರೆಯ ದಿನಗಳು ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಕಾಲಿನ ಸಲಹೆಗಳು ಓಡಾಡಲು ಶುರುವಾಗುತ್ತವೆ. ಮೀನಖಂಡ ಹಿಡಿದರೆ ಬಾಳೆಹಣ್ಣು ತಿನ್ನಿ. ನೋವಾದ ಕೂಡಲೇ ಬಿಸಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿ. ನೋವು ಬಂದರೂ ನಿಲ್ಲಬೇಡಿ, ನಡೀತಾ ಇದ್ದರೆ ತಾನೇ ಹೋಗುತ್ತೆ. ವಯಸ್ಸಿನ ಹುಡುಗರಿಗೆ ಏನೂ ಆಗಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಇದು ದೂರದ ಮಾತಲ್ಲ. ಗಾಣಗಾಪುರದ ದತ್ತನ ಸನ್ನಿಧಿಗೆ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ನಡೆದೇ ಹೋಗುವವರು ನಮ್ಮ ಊರುಗಳಲ್ಲಿ ಇದ್ದೇ ಇರುತ್ತಾರೆ. ಹರಕೆಯ ಹೆಜ್ಜೆ ಅದು. ಆದರೆ ಕಾಲು ಹರಕೆ ನೋಡುವುದಿಲ್ಲ, ಭಾರ ನೋಡುತ್ತದೆ.

ಈ ವಿಷಯವನ್ನು ಒಬ್ಬ ಕನ್ನಡಿಗನ ಬದುಕಿನ ಜೊತೆ ಇಟ್ಟು ನೋಡೋಣ. 18ನೇ ವಯಸ್ಸಿನಲ್ಲಿ ಸುಮಾರು 385 ಕಿಲೋಮೀಟರ್ ನಡೆದವರು ಅವರು. ಹೆಸರು ಮೈಲಾರ ಮಹಾದೇವಪ್ಪ.

ಮೋಟೆಬೆನ್ನೂರಿನ ಹುಡುಗ

ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಮೋಟೆಬೆನ್ನೂರಿನಲ್ಲಿ. ಇಂದು ಅದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕು. ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ತಂದೆ ಮಾರ್ತಂಡಪ್ಪ, ತಾಯಿ ಬಸಮ್ಮ. ಓದಿದ್ದು ಮೋಟೆಬೆನ್ನೂರು ಮತ್ತು ಹಂಸಭಾವಿಯಲ್ಲಿ. ಶಾಲೆಯ ದಿನಗಳಲ್ಲೇ ಖಾದಿಯ ಗೀಳು ಹತ್ತಿತು. ಖಾದಿ ಉಟ್ಟರು, ಖಾದಿ ಮಾರಿದರು, ಕೊನೆಗೆ ಗುಜರಾತಿನ ಸಾಬರಮತಿ ಆಶ್ರಮ ಸೇರಿದರು.

ಆಗ ನಮ್ಮ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿದ್ದವು. ಹಾವೇರಿ ಕಡೆ ಬ್ರಿಟಿಷರ ನೇರ ಆಳ್ವಿಕೆ. ಒಂದೇ ಭಾಷೆಯ ಜನ ಬೇರೆ ಬೇರೆ ಸರಕಾರಗಳ ಕೆಳಗಿದ್ದ ಕಾಲ ಅದು.

1930ರಲ್ಲಿ ಗಾಂಧೀಜಿ ಉಪ್ಪಿನ ಕಾನೂನು ಮುರಿಯಲು ಹೊರಟರು. ತಮ್ಮ ಜೊತೆ ನಡೆಯಲು ಆಶ್ರಮದ 78 ಜನರನ್ನು ಆರಿಸಿಕೊಂಡರು. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದವರು ಒಬ್ಬರೇ. ಅಲ್ಲಿ ಅವರ ಹೆಸರು ಮಹಾದೇವ ಮಾರ್ತಂಡ ಎಂದಿದೆ, ಅಂದರೆ ಸ್ವಂತ ಹೆಸರು, ಪಕ್ಕದಲ್ಲಿ ತಂದೆಯ ಹೆಸರು. ಪಟ್ಟಿಯಲ್ಲಿ ಮೈಲಾರ ಎಂದು ಹುಡುಕಿದವರಿಗೆ ಅವರು ಸಿಗದೇ ಹೋಗುವುದು ಇದಕ್ಕೇ.

ಒಂದೇ ಉಸಿರಿನಲ್ಲಿ ನಡೆದದ್ದಲ್ಲ

ಮಾರ್ಚ್ 12ರ ಬೆಳಿಗ್ಗೆ ಸಾಬರಮತಿಯಿಂದ ಹೊರಟ ತಂಡ ಏಪ್ರಿಲ್ 5ಕ್ಕೆ ದಂಡಿ ತಲುಪಿತು. ಮರುದಿನ ಉಪ್ಪು ಎತ್ತಲಾಯಿತು. ದಂಡಿ ಯಾತ್ರೆ ಅಂದರೆ ನಮ್ಮ ಕಣ್ಣಿಗೆ ಬರುವುದು ಕೋಲು ಹಿಡಿದು ಬಿರಬಿರನೆ ನಡೆಯುವ ಗಾಂಧಿಯ ಚಿತ್ರ. ಹಾಗಾಗಿ ಅವರು ಎಲ್ಲೂ ನಿಲ್ಲದೆ ನಡೆದರು ಎಂದು ಎಷ್ಟೋ ಜನ ತಿಳಿದಿದ್ದಾರೆ. ನಿಜ ಬೇರೆ.

ನಡಿಗೆಗೆ ವೇಳಾಪಟ್ಟಿ ಇತ್ತು. ಬೆಳಗಿನ ತಂಪಿನಲ್ಲಿ ಒಂದು ಹಂತ, ಸಂಜೆ ಇನ್ನೊಂದು ಹಂತ. ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ಯಾವುದಾದರೂ ಊರಿನಲ್ಲಿ ತಂಗುತ್ತಿದ್ದರು. ಸೋಮವಾರ ಗಾಂಧೀಜಿಯ ಮೌನದ ದಿನ, ಅಂದು ನಡಿಗೆಗೂ ರಜೆ. ಯಾತ್ರೆಯ ಅವಧಿಯಲ್ಲಿ ಮೂರು ಸೋಮವಾರಗಳು ಬಂದವು: ಮಾರ್ಚ್ 17, 24 ಮತ್ತು 31. ಅವನ್ನು ಬಿಟ್ಟರೆ ಉಳಿಯುವುದು ಸುಮಾರು 22 ದಿನ. 385 ಕಿಲೋಮೀಟರನ್ನು 22ರಿಂದ ಭಾಗಿಸಿ ನೋಡಿ, ದಿನಕ್ಕೆ 17-18 ಕಿಲೋಮೀಟರ್ ಬರುತ್ತದೆ. ಅದೂ ಎರಡು ಕಂತಿನಲ್ಲಿ.

ಇಷ್ಟಿದ್ದರೂ ದಾರಿಯಲ್ಲಿ ಕೆಲವರ ಕಾಲಿಗೆ ಬೊಬ್ಬೆ ಬಂದವು, ಕೆಲವರು ದಣಿದು ಹಿಂದೆ ಬಿದ್ದರು. 60 ದಾಟಿದ್ದ ಗಾಂಧೀಜಿಗಾಗಿ ಒಂದು ಕುದುರೆಯನ್ನೂ ಜೊತೆಗೆ ತರಲಾಗಿತ್ತು. ಅವರು ಅದನ್ನು ಬಳಸಲಿಲ್ಲ. ತಂಡದ ಹೆಚ್ಚಿನವರು ಅವರಿಗಿಂತ ಎಷ್ಟೋ ಚಿಕ್ಕವರು. ಹಾಗಾದರೆ ಹುಡುಗರು ದಣಿದಾಗ ಮುದುಕರು ಹೇಗೆ ನಡೆದರು? ಇದರಲ್ಲಿ ಪವಾಡವೇನೂ ಇಲ್ಲ. ಗಾಂಧೀಜಿ ದಶಕಗಳಿಂದ ದಿನಾ ನಡೆಯುತ್ತಿದ್ದವರು. ಇದು ಮೀನಖಂಡದ ಮೊದಲ ಪಾಠ: ಅದು ವಯಸ್ಸಿಗಿಂತ ಹೆಚ್ಚಾಗಿ ಅಭ್ಯಾಸವನ್ನು ಲೆಕ್ಕ ಹಾಕುತ್ತದೆ.

ಮೀನಖಂಡದೊಳಗೆ ಏನಿದೆ?

ಮೊಣಕಾಲಿನ ಹಿಂದಿನಿಂದ ಹಿಮ್ಮಡಿಯವರೆಗೆ ಕೈಯಾಡಿಸಿ. ಮೇಲೆ ಉಬ್ಬಿ ಸಿಗುವುದು ಗ್ಯಾಸ್ಟ್ರೊಕ್ನೀಮಿಯಸ್ ಎಂಬ ಸ್ನಾಯು. ಅದಕ್ಕೆ ಒಳಬದಿಗೆ ಒಂದು, ಹೊರಬದಿಗೆ ಒಂದು ಹೀಗೆ ಎರಡು ತಲೆ. ಅದರಡಿ ಚಪ್ಪಟೆಯಾಗಿ ಮಲಗಿರುವುದು ಸೋಲಿಯಸ್. ಎರಡೂ ಕೆಳಗೆ ಸೇರಿ ಅಕಿಲಿಸ್ ಎಂಬ ದಪ್ಪ ಸ್ನಾಯುರಜ್ಜಾಗಿ ಹಿಮ್ಮಡಿಗೆ ಅಂಟಿಕೊಳ್ಳುತ್ತವೆ. ನಮ್ಮ ಕಡೆ ಹಿಮ್ಮಡಿ ನರ ಅನ್ನುವುದು ಇದನ್ನೇ. ಅದು ನರವಲ್ಲ, ಹಗ್ಗದಂಥ ಗಟ್ಟಿ ಪಟ್ಟಿ.

ಮೇಲಿನ ಸ್ನಾಯುವಿನ ಕೆಲಸ ಜಿಗಿತ, ಓಟ, ಕಬಡ್ಡಿಯಲ್ಲಿ ಒಮ್ಮೆಲೇ ಹಿಂದಕ್ಕೆ ಚಿಮ್ಮುವುದು. ಒಳಗಿನ ಸೋಲಿಯಸ್ ದುಡಿಯುವುದು ನಿಧಾನವಾಗಿ, ಗಂಟೆಗಟ್ಟಲೆ. ನಿಂತು ಕೆಲಸ ಮಾಡುವಾಗ, ದೂರ ನಡೆಯುವಾಗ ಅದೇ ಆಧಾರ. ಒಂದು ಕಿಲೋಮೀಟರಿಗೆ ಸುಮಾರು 1,300 ಹೆಜ್ಜೆ ಎಂದುಕೊಂಡರೆ ದಂಡಿಯವರೆಗೆ 5 ಲಕ್ಷ ಹೆಜ್ಜೆ. ಅಂದರೆ ಒಂದೊಂದು ಮೀನಖಂಡವೂ ದೇಹವನ್ನು ಎರಡೂವರೆ ಲಕ್ಷ ಸಲ ಮುಂದಕ್ಕೆ ತಳ್ಳಿತು.

ಪ್ರತಿ ನಡಿಗೆಯ ನಂತರ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸವೆತ ಆಗುತ್ತದೆ. ವಿಶ್ರಾಂತಿಯಲ್ಲಿ ದೇಹ ಅದನ್ನು ಸರಿಪಡಿಸಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ಸರಿಪಡಿಸುವ ಮುನ್ನವೇ ಮತ್ತೆ ಮತ್ತೆ ಭಾರ ಹಾಕಿದರೆ ಒಂದು ಹೆಜ್ಜೆಗೆ ಎಳೆಗಳು ಹರಿಯುತ್ತವೆ. ಸೋಮವಾರದ ರಜೆ ಮೌನಕ್ಕಾಗಿ ಇದ್ದದ್ದು, ಆದರೆ ಕಾಲುಗಳಿಗೂ ಅದರಿಂದ ಲಾಭವಾಯಿತು. ವರ್ಷವಿಡೀ ಬೈಕಿನಲ್ಲೇ ಓಡಾಡಿ, ಒಂದು ದಿನ ಇದ್ದಕ್ಕಿದ್ದಂತೆ 40 ಕಿಲೋಮೀಟರ್ ನಡೆಯುವವರ ಸ್ಥಿತಿ ಇದಕ್ಕೆ ತದ್ವಿರುದ್ಧ. ಪೊಲೀಸ್ ಭರ್ತಿಗೆ ಅರ್ಜಿ ಹಾಕಿ, ಕೊನೆಯ ವಾರದಲ್ಲಿ ಓಟ ಶುರು ಮಾಡುವ ಹುಡುಗರದೂ ಅದೇ ಕಥೆ.

ಇದು ಹಿಡಿತವೋ, ಹರಿತವೋ, ಇನ್ನೇನೋ?

ಎಲ್ಲ ಮೀನಖಂಡದ ನೋವೂ ಒಂದೇ ಅಲ್ಲ. ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ಹಿಡಿತ: ಸ್ನಾಯು ಕಲ್ಲಿನಂತೆ ಗಟ್ಟಿಯಾಗಿ, ಜೀವ ಹೋದಂತೆ ನೋವಾಗುತ್ತದೆ. ಪಾದವನ್ನು ಮೆಲ್ಲಗೆ ಮೊಣಕಾಲಿನ ಕಡೆ ಎಳೆದರೆ ಕೆಲವು ಸೆಕೆಂಡು ಅಥವಾ ನಿಮಿಷಗಳಲ್ಲಿ ಬಿಡುತ್ತದೆ. ಸ್ವಲ್ಪ ನೋವು ಉಳಿಯಬಹುದು. ಬಾವು ಇರುವುದಿಲ್ಲ, ಕಪ್ಪು-ನೀಲಿ ಕಲೆ ಬರುವುದಿಲ್ಲ.

ಸ್ನಾಯು ಹರಿತ: ಓಡುವಾಗ, ಮೆಟ್ಟಿಲು ಹತ್ತುವಾಗ ಅಥವಾ ಜಿಗಿಯುವಾಗ ಹಿಂದಿನಿಂದ ಯಾರೋ ಕಲ್ಲು ಎಸೆದಂತೆ ಅನಿಸುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಕೆಲವರಿಗೆ ಪಟ್ ಎಂದ ಅನುಭವ. ನೋವು ಹೆಚ್ಚಾಗಿ ಮೀನಖಂಡದ ಒಳಬದಿಯ ಮೇಲ್ಭಾಗದಲ್ಲಿ. ಕುಂಟುತ್ತೀರಿ, ಬೆರಳ ಮೇಲೆ ನಿಲ್ಲಲು ನೋವು. ಒಂದೆರಡು ದಿನಗಳಲ್ಲಿ ಕಪ್ಪು-ನೀಲಿ ಬಣ್ಣ ಹಿಮ್ಮಡಿಯ ಕಡೆಗೆ ಇಳಿಯಬಹುದು. ಸೋಲಿಯಸ್ ಹರಿದರೆ ಇಷ್ಟು ನಾಟಕವಿಲ್ಲ. ದೂರ ನಡೆದವರಿಗೆ ಒಳಗೆಲ್ಲೋ ಬಿಗಿತ, ದಿನದಿಂದ ದಿನಕ್ಕೆ ಹೆಚ್ಚುವ ನೋವು.

ಅಕಿಲಿಸ್ ಹರಿತ: ಪೆಟ್ಟು ಹಿಮ್ಮಡಿಯ ಸ್ವಲ್ಪ ಮೇಲೆ ಅನಿಸುತ್ತದೆ, ಮುಟ್ಟಿದರೆ ಹಳ್ಳ ಸಿಗಬಹುದು. ಆ ಒಂದೇ ಕಾಲಿನ ಬೆರಳ ಮೇಲೆ ಏಳಲು ಆಗುವುದೇ ಇಲ್ಲ. ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗಿರುವಂತೆ ಇಟ್ಟು ಮೀನಖಂಡವನ್ನು ಮೆಲ್ಲಗೆ ಹಿಂಡಿದರೆ ಪಾದ ಅಲ್ಲಾಡಬೇಕು. ಅಲ್ಲಾಡದಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಕುಂಟಿಕೊಂಡು ನಡೆಯಲು ಬರುತ್ತದಲ್ಲ ಎಂದು ಸುಮ್ಮನೆ ಇದ್ದವರು ತಡವಾಗಿ ಬಂದಾಗ ಚಿಕಿತ್ಸೆ ಕಷ್ಟವಾಗುತ್ತದೆ.

ರಕ್ತ ಹೆಪ್ಪು: ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೆ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಮೀನಖಂಡವೇ ನೋಯುತ್ತದೆ. ಪೆಟ್ಟು ಬಿದ್ದ ನೆನಪಿಲ್ಲ, ಆದರೂ ಒಂದೇ ಕಾಲು ಬಾತಿದೆ, ಬಿಸಿಯಾಗಿದೆ, ಕೆಂಪಾಗಿದೆ ಅಥವಾ ಬಣ್ಣ ಬದಲಾಗಿದೆ ಅಂದರೆ ಇದನ್ನು ಯೋಚಿಸಲೇಬೇಕು. ಇತ್ತೀಚೆಗೆ ಆಪರೇಷನ್ ಆದವರು, ಹೆರಿಗೆಯಾದವರು, ಗರ್ಭಿಣಿಯರು, ಕ್ಯಾನ್ಸರ್ ಇರುವವರು, ಪ್ಲಾಸ್ಟರ್ ಹಾಕಿಸಿಕೊಂಡವರು, ಹಾಸಿಗೆ ಹಿಡಿದವರು, ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಬಂದವರಲ್ಲಿ ಇದರ ಸಾಧ್ಯತೆ ಹೆಚ್ಚು. ಇಂಥ ಕಾಲನ್ನು ತಿಕ್ಕಬೇಡಿ. ಹೆಪ್ಪಿನ ತುಣುಕು ಬಿಡಿಸಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಸಾವೂ ಸಂಭವಿಸಬಹುದು. ಕಾಲು ನೋವಿನ ಜೊತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ.

ಇನ್ನೊಂದು ಅಪಾಯ: ಜೋರು ಪೆಟ್ಟಿನ ನಂತರ ಮೀನಖಂಡ ಬಿಗಿದು ಮರಗಟ್ಟಿದಂತಾಗಿ, ನೋವು ತಡೆಯಲಾರದಷ್ಟು ಏರುತ್ತಾ, ಪಾದ ಜುಮುಗುಟ್ಟಿದರೆ ಅಥವಾ ಸ್ಪರ್ಶ ಗೊತ್ತಾಗದಿದ್ದರೆ ಅದೂ ತುರ್ತು ಪರಿಸ್ಥಿತಿ. ಬೆಳಗಾಗಲಿ ಎಂದು ಕಾಯಬೇಡಿ.

ಜೈಲಿನಿಂದ ಮತ್ತೆ ಹಳ್ಳಿಗೆ

ಉಪ್ಪಿನ ಸತ್ಯಾಗ್ರಹದ ನಂತರ ಮಹಾದೇವಪ್ಪ ಜೈಲು ಕಂಡರು. ಪತ್ನಿ ಸಿದ್ದಮ್ಮ ಕೂಡ ಚಳವಳಿಗೆ ಇಳಿದು ಸೆರೆಮನೆ ವಾಸ ಅನುಭವಿಸಿದವರು. ಮುಂದೆ ಮಹಾದೇವಪ್ಪ ಹಾವೇರಿ ಬಳಿಯ ಕೊರಡೂರಿನಲ್ಲಿ ಆಶ್ರಮ ಕಟ್ಟಿಕೊಂಡು ಖಾದಿ ಮತ್ತು ಗ್ರಾಮ ಸೇವೆಗೆ ನಿಂತರು. ದಂಡಿಯವರೆಗೆ ನಡೆದವರು ಈಗ ತಮ್ಮದೇ ಸೀಮೆಯ ಜನರ ನಡುವೆ ಸದ್ದಿಲ್ಲದ ಕೆಲಸಕ್ಕೆ ಕೂತಿದ್ದರು. ಅವರ ಬದುಕಿನ ಈ ವರ್ಷಗಳ ಬಗ್ಗೆ ಫಾರ್ವರ್ಡುಗಳು ಬರುವುದಿಲ್ಲ. ಆದರೆ ಮುಂದಿನ ಹೋರಾಟಕ್ಕೆ ಜನ ಅವರ ಹಿಂದೆ ನಿಂತದ್ದು ಈ ಕೆಲಸದಿಂದಲೇ.

ಗಾಯಗೊಂಡ ಸ್ನಾಯುವಿನ ಚೇತರಿಕೆಯೂ ಇಂಥದ್ದೇ, ಸದ್ದಿಲ್ಲದ ಕೆಲಸ. ಅದು ನಡೆಯುವ ಕ್ರಮ ಹೀಗಿದೆ.

ಮೊದಲ ಎರಡು-ಮೂರು ದಿನ: ನಡಿಗೆ ನಿಲ್ಲಿಸಿ. ತೆಳು ಬಟ್ಟೆಯಲ್ಲಿ ಐಸ್ ಸುತ್ತಿ 10ರಿಂದ 15 ನಿಮಿಷ ಇಡಿ, ದಿನಕ್ಕೆ ಕೆಲವು ಸಲ. ಐಸನ್ನು ನೇರ ಚರ್ಮಕ್ಕೆ ತಾಗಿಸಬೇಡಿ. ಐಸ್ ನೋವು ತಗ್ಗಿಸುತ್ತದೆ, ಗಾಯವನ್ನು ಬೇಗ ಮಾಯಿಸುವುದಿಲ್ಲ. ಕ್ರೇಪ್ ಬ್ಯಾಂಡೇಜನ್ನು ಹದವಾಗಿ ಸುತ್ತಿ. ಬೆರಳು ಜುಮುಗುಟ್ಟಿದರೆ ಅಥವಾ ತಣ್ಣಗಾದರೆ ಬಿಚ್ಚಿಬಿಡಿ. ಮಲಗುವಾಗ ಕಾಲಡಿ ದಿಂಬು ಇರಲಿ. ಬಿಸಿ ಕಾಪು, ಗಟ್ಟಿ ತಿಕ್ಕಾಟ, ಮದ್ಯ ಈ ದಿನಗಳಲ್ಲಿ ಬೇಡ. ಮೂರೂ ಒಳಗಿನ ರಕ್ತಸ್ರಾವ ಮತ್ತು ಬಾವನ್ನು ಹೆಚ್ಚಿಸಬಹುದು. ಹರಿದ ಸ್ನಾಯುವನ್ನು ಹಿಡಿತ ಎಂದುಕೊಂಡು ಎಳೆಯುವುದೂ ಬೇಡ. ನೋವಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ನುಂಗುವ ಬದಲು ವೈದ್ಯರನ್ನು ಕೇಳಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರಿಗೆ ಕೆಲವು ಮಾತ್ರೆಗಳು ಅಪಾಯ.

ನಂತರದ ದಿನಗಳು: ಪೂರ್ತಿ ಹಾಸಿಗೆ ಹಿಡಿಯುವುದೂ ತಪ್ಪು. ಕೆಲಸವಿಲ್ಲದ ಸ್ನಾಯು ಬೇಗ ಸೊರಗುತ್ತದೆ. ನೋವು ಹೆಚ್ಚಾಗದ ಮಿತಿಯಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸಿ. ಸಣ್ಣ ಹೆಜ್ಜೆಯಲ್ಲಿ ಮನೆಯೊಳಗೆ ನಡೆಯಿರಿ. ಹಿಮ್ಮಡಿ ತುಸು ಎತ್ತರ ಇರುವ ಚಪ್ಪಲಿ ಹಾಕಿದರೆ ಎಳೆತ ಕಡಿಮೆಯಾಗುತ್ತದೆ.

ಬಲ ತುಂಬುವ ಹಂತ: ಗೋಡೆ ಹಿಡಿದು ಎರಡೂ ಕಾಲಿನ ಬೆರಳ ಮೇಲೆ ಎದ್ದು ನಿಧಾನವಾಗಿ ಇಳಿಯಿರಿ. ಅದು ಸಲೀಸಾದ ಮೇಲೆ ಒಂದೇ ಕಾಲಿನಲ್ಲಿ. ಮೊಣಕಾಲು ನೆಟ್ಟಗಿಟ್ಟು ಮಾಡಿದರೆ ಮೇಲಿನ ಸ್ನಾಯುವಿಗೆ, ಸ್ವಲ್ಪ ಮಡಿಸಿ ಮಾಡಿದರೆ ಸೋಲಿಯಸ್‌ಗೆ ಹೆಚ್ಚು ಕೆಲಸ. ಎರಡೂ ಬೇಕು.

ಎಷ್ಟು ದಿನ? ಕೆಲವೇ ಎಳೆ ಹರಿದಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಅರ್ಧಂಬರ್ಧ ಹರಿದಿದ್ದರೆ ಒಂದರಿಂದ ಎರಡು ತಿಂಗಳು. ಪೂರ್ತಿ ಹರಿದಿದ್ದರೆ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು. ಕ್ಯಾಲೆಂಡರ್ ನೋಡಿ ಹೊರಡಬೇಡಿ, ಕಾಲು ನೋಡಿ ಹೊರಡಿ. ಕುಂಟದೆ ಬಿರುಸಾಗಿ ನಡೆಯಲು ಬರಬೇಕು. ಒಂದೇ ಕಾಲಿನ ಮೇಲೆ ಎದ್ದು ಇಳಿಯುವುದು ಇನ್ನೊಂದು ಕಾಲಿನಷ್ಟೇ ಸಲ, ನೋವಿಲ್ಲದೆ ಆಗಬೇಕು. ನೋವು ಹೋಯಿತೆಂದು ಅವಸರ ಮಾಡಿದವರಿಗೆ ಅದೇ ಜಾಗ ಮತ್ತೆ ಹರಿಯುತ್ತದೆ.

ಗಾಯದ ದಿನವೇ ಹೆಜ್ಜೆ ಊರಲು ಆಗದಿದ್ದರೆ, ಬಾವು ಹೆಚ್ಚುತ್ತಿದ್ದರೆ, ವಾರವಾದರೂ ಸುಧಾರಿಸದಿದ್ದರೆ ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಹರಿತವೋ ಹೆಪ್ಪೋ ಎಂಬ ಅನುಮಾನವಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ತಿಳಿಯುತ್ತದೆ.

ಫಾರ್ವರ್ಡುಗಳಲ್ಲಿ ನಿಜವೆಷ್ಟು?

ಬಾಳೆಹಣ್ಣು ತಿಂದರೆ ಹಿಡಿತ ಬಿಡುತ್ತದೆಯೇ? ಹಿಡಿತ ನಿಮಿಷಗಳಲ್ಲಿ ಬಿಡುತ್ತದೆ. ಹಣ್ಣು ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನಡಿಗೆಯ ಹಿಡಿತಕ್ಕೆ ಸ್ನಾಯುವಿನ ದಣಿವು ದೊಡ್ಡ ಕಾರಣ. ಹಸಿವಿಗೆ ಬಾಳೆಹಣ್ಣು ಒಳ್ಳೆಯದೇ, ಆದರೆ ಹಿಡಿತಕ್ಕೆ ಅದು ಮದ್ದಲ್ಲ. ಬಿಸಿಲಿನಲ್ಲಿ ಬೆವರುವವರಿಗೆ ನೀರು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಬೇಕು. ಬಿಪಿ, ಕಿಡ್ನಿ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತು ಕೇಳಲಿ.

ಮೀನಖಂಡ ಎರಡನೇ ಹೃದಯವೇ? ಅರ್ಧ ನಿಜ. ಅದು ಕುಗ್ಗಿದಾಗ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ದೂರದ ಬಸ್ ಪ್ರಯಾಣದಲ್ಲಿ ಪಾದ ಆಡಿಸುತ್ತಿರುವುದು ಒಳ್ಳೆಯದು. ಆದರೆ ದಿನಾ ನೂರು ಸಲ ಹಿಮ್ಮಡಿ ಎತ್ತಿದರೆ ಹಾರ್ಟ್ ಅಟ್ಯಾಕ್ ಬರುವುದೇ ಇಲ್ಲ ಎಂಬ ಮಾತಿಗೆ ಆಧಾರವಿಲ್ಲ. ಎದೆ ನೋವು ಬಂದಾಗ ಹಿಮ್ಮಡಿ ಎತ್ತುತ್ತಾ ಕೂತರೆ ಅಮೂಲ್ಯ ಸಮಯ ಹೋಗುತ್ತದೆ.

ನೋವಿನಲ್ಲೇ ನಡೆದರೆ ನೋವು ಹೋಗುತ್ತದೆಯೇ? ಮೊದಲ ದಿನದ ಮೈಕೈ ನೋವು ಮೆಲ್ಲಗೆ ನಡೆದರೆ ಸಡಿಲವಾಗಬಹುದು. ಕುಂಟುವಂತೆ ಮಾಡುವ ನೋವು ಹಾಗಲ್ಲ. ಅಲ್ಲಿ ನಿಲ್ಲಲೇಬೇಕು. ಉಳಿದ ದಾರಿಯನ್ನು ಟಂಟಂನಲ್ಲಿ ಹೋದರೆ ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಹೊರಡುವ ಆರೆಂಟು ವಾರ ಮುಂಚೆಯೇ ದಿನಾ ನಡೆಯಲು ಶುರು ಮಾಡಿ, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಯಾತ್ರೆಗೆಂದು ಹೊಸ ಚಪ್ಪಲಿ ಕೊಂಡು ಅಂದೇ ಹಾಕಬೇಡಿ. ಶ್ರೀಶೈಲದ ನಡಿಗೆ ಬರುವುದು ದಂಡಿ ಯಾತ್ರೆ ನಡೆದ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲೇ. ಅವರಂತೆಯೇ ಬೆಳಿಗ್ಗೆ ಒಂದು ಹಂತ, ಸಂಜೆ ಒಂದು ಹಂತ ಇಟ್ಟುಕೊಳ್ಳಿ, ಕೆಲವು ದಿನಕ್ಕೊಮ್ಮೆ ಬಿಡುವು ಕೊಡಿ.

ಹೊಸರಿತ್ತಿಯ ಬೆಳಗು

1942ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಶುರುವಾದಾಗ ಮಹಾದೇವಪ್ಪ ಭೂಗತರಾದರು. ಅವರ ತಂಡ ಸರಕಾರಿ ಕಚೇರಿಗಳ ದಾಖಲೆ, ಕಂದಾಯ ವಸೂಲಿ, ರೈಲು ನಿಲ್ದಾಣಗಳ ಮೇಲೆ ದಾಳಿ ಮಾಡಿತು. ಮನುಷ್ಯರ ಜೀವಕ್ಕೆ ಕೈ ಹಾಕಬಾರದು ಎಂಬುದು ಅವರ ನೇಮವಾಗಿತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಕೂಡ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ ಆಗ 31 ವರ್ಷ. ದಂಡಿ ತಲುಪಿ 13 ವರ್ಷ ತುಂಬಲು ಕೆಲವೇ ದಿನ ಬಾಕಿ ಇತ್ತು.

ಇಂದು ಹಾವೇರಿಯಲ್ಲಿ ಅವರ ಸ್ಮಾರಕವಿದೆ. ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಫಲಕ ಕಂಡರೆ, 5 ಲಕ್ಷ ಹೆಜ್ಜೆ ನಡೆದ ಆ 18ರ ಹುಡುಗನನ್ನು ನೆನಪಿಸಿಕೊಳ್ಳಿ. ಗಂಟೆಗಟ್ಟಲೆ ಕೂತಿದ್ದೀರಿ ಅಂದರೆ, ಹಾಗೇ ಎದ್ದು ನಾಲ್ಕು ಹೆಜ್ಜೆ ನಡೆದು ಬನ್ನಿ.

ನಿಮ್ಮ ಊರಿನ ಪಾದಯಾತ್ರೆ ಗ್ರೂಪಿಗೆ ಇದನ್ನು ಕಳಿಸಿ. ಇಷ್ಟುದ್ದ ಯಾರೂ ಓದುವುದಿಲ್ಲ ಅನಿಸಿದರೆ ಒಂದೇ ಸಾಲು ಕಳಿಸಿ: ಪೆಟ್ಟಿಲ್ಲದೆ ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ಆಸ್ಪತ್ರೆಗೆ ಹೋಗಿ.